ಬ್ಯಾಡ ಅಂದರೆ ಇನ್ನೊಮ್ಮೆ ಕೇಳು

ನಾನು ಹೇಳಿದ ಮಾತನ್ನು ಹೇಳಿದ ಹಾಗೆಯೇ ಕೇಳುವವರು ಮನೆಯಲ್ಲಂತೂ ಸಿಗಲಿಲ್ಲ. ಕಚೇರಿಯಲ್ಲಿ ಒಂದು ಯಂತ್ರ ಸಿಕ್ಕಿತು, ಅಂದಿನಿಂದ ಫಜೀತಿ ತಪ್ಪಿಲ್ಲ.

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮದು ಸಣ್ಣ ಸಾಫ್ಟ್‌ವೇರ್ ಕಚೇರಿ. ಅಕ್ಕಿ ಗಿರಣಿಗಳಿಗೆ ಬಿಲ್ಲಿನ ಪ್ರೋಗ್ರಾಂ ಮಾಡಿಕೊಡುತ್ತೇವೆ. ಆ ಕೋಡೆಲ್ಲ ಇರುವ ಜಾಗಕ್ಕೆ ರೆಪೊ ಅನ್ನುತ್ತೇವೆ. ಈಚೆಗೆ ಅದರೊಳಗೆ ಹೋಗಿ ರಿಪೇರಿ ಮಾಡಲು ಒಂದು ಎಐ ಏಜೆಂಟ್ ಬಂದಿದೆ. ಅದರ ಕೈಗೆ ನಾವು ಕೊಟ್ಟಿರುವುದು ಕೆಲವು ಟೂಲು: ಹುಡುಕಲು ಒಂದು, ಓದಲು ಒಂದು, ಅಳಿಸಲು ಒಂದು. ಯಾವುದು ಏನು ಮಾಡುತ್ತದೆ, ಯಾವಾಗ ಹಿಡಿಯಬೇಕು, ಯಾವಾಗ ಮುಟ್ಟಬಾರದು ಎಂದು ನಾಲ್ಕು ಸಾಲು ಬರೆದಿಡುವುದು ನನ್ನ ಕೆಲಸ. ಏಜೆಂಟ್ ಆ ಸಾಲುಗಳನ್ನು ಓದಿ ನಡೆಯುತ್ತದೆ. ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದು ಪಾಪ ಅದಕ್ಕೇನು ಗೊತ್ತು.

ಅತ್ತೆಯ ವಿಚಾರಣೆ

ನಮ್ಮ ಅತ್ತೆ ಕೊಳಗಲ್ಲಿನಿಂದ ಬಂದಾಗಲೆಲ್ಲ ಇದೇ ವಿಚಾರಣೆ.

"ದಿನಾ ಆಫೀಸಿಗೆ ಹೋಗಿ ಏನ್ ಮಾಡ್ತೀಯವ್ವಾ?"

"ಯಂತ್ರಕ್ಕ ಕೆಲಸ ಹೆಂಗ ಮಾಡಬೇಕಂತ ಬರದು ಕೊಡ್ತೀನ್ರಿ ಅತ್ತಿ."

"ಅದು ಓದ್ತೈತೇನು?"

"ಓದ್ತೈತ್ರಿ."

"ಎದುರು ಮಾತಾಡಲ್ಲ?"

"ಇಲ್ರಿ."

"ಹೇಳಿದಷ್ಟ ಮಾಡ್ತೈತಿ?"

"ಅಷ್ಟ ಮಾಡ್ತೈತ್ರಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು. "ಮೊದ್ಲ ಗೊತ್ತಿದ್ರ ನಮ್ ಹುಡುಗಗ ಅದನ್ನ ತರ್ತಿದ್ವಿ."

ಯಾರನ್ನಾದರೂ ಕೇಳು

ನಾನು ಬೆಳೆದದ್ದು ಕುರುಗೋಡಿನಲ್ಲಿ. ಅಲ್ಲಿ ಯಾರ ಮನೆ ಕೇಳಿದರೂ "ಸೀದಾ ಹೋಗ್ರಿ, ಮುಂದ ಯಾರನ್ನಾರ ಕೇಳ್ರಿ, ತೋರಿಸ್ತಾರ" ಅನ್ನುತ್ತಾರೆ. ತೋರಿಸುತ್ತಾರೆ ಕೂಡ. ಆ ಧೈರ್ಯದ ಮೇಲೆ ನಾನು ಹುಡುಕುವ ಟೂಲಿಗೆ ಹೀಗೆ ಬರೆದೆ: "ಇದು ರೆಪೊದಲ್ಲಿ ಹುಡುಕುತ್ತದೆ. ಸಿಗದಿದ್ದರೆ ಯಾರನ್ನಾದರೂ ಕೇಳು."

ಫೈಲಿನ ಹೆಸರು ನೋಡಿ ಹುಡುಕಬೇಕೋ ಒಳಗಿನ ಕೋಡು ನೋಡಿ ಹುಡುಕಬೇಕೋ ಬರೆದಿರಲಿಲ್ಲ. ಏಜೆಂಟ್ ಹೆಸರು ಮಾತ್ರ ನೋಡಿತು. ತೂಕ ಲೆಕ್ಕ ಹಾಕುವ ಕೋಡು ಸಿಗಲಿಲ್ಲ. ಸರಿ, ರೆಪೊ ನೋಡಲು ಅನುಮತಿ ಇದ್ದ ಎಲ್ಲರಿಗೂ "ತೂಕ ಲೆಕ್ಕ ಹಾಕುವ ಕೋಡು ಎಲ್ಲಿದೆ?" ಎಂದು ಸಂದೇಶ ಕಳಿಸಿತು. ಅವರಲ್ಲಿ ಸಿರುಗುಪ್ಪದ ಗಿರಣಿಯ ಗುಮಾಸ್ತರೂ ಒಬ್ಬರು. ಮಧ್ಯಾಹ್ನ ಅವರ ಫೋನು ಬಂತು.

"ಮೇಡಂ, ನನಗ ಗೊತ್ತಿಲ್ರಿ. ಆದ್ರೂ ಪಾಪ ಕೇಳ್ಯಾರಲ್ಲ ಅಂತ ಬಾಜೂ ಮಿಲ್ಲಿನವರಿಗೆ ಕಳಿಸೀನಿ. ಅವರು ಆದೋನಿ ಬೀಗರಿಗೆ ಕಳಿಸ್ಯಾರ. ತೆಲುಗಿನಾಗ ಬರದು ಕೊಟ್ರ ಅವರೂ ಹುಡುಕ್ತಾರಂತ."

ನಮ್ಮ ಸಾಹೇಬರಿಗೆ ನಗು ಬರಲಿಲ್ಲ. "ಇನ್ನೊಂದು ತಪ್ಪಾದ್ರ ಈ ಕೆಲಸ ಬ್ಯಾರೆಯವರಿಗೆ. ನೀವು ಮೊದಲಿನಂಗ ಹೊರಗ ಕುಂತು ಪ್ರಿಂಟರ್ ರಿಪೇರಿಗೆ ಬಂದೋರಿಗೆ ಟೋಕನ್ ಕೊಡ್ರಿ" ಅಂದರು. ನನಗೆ ನಿಜವಾಗಿ ಸಂಕಟವಾಯಿತು. ಎಷ್ಟು ಫಜೀತಿಯಾದರೂ ಈ ಕೆಲಸ ನನಗೆ ಇಷ್ಟ.

ಸಾವ್ಕಾರರ ಬ್ಯಾಡ

ಮುಂದಿನ ಪರೀಕ್ಷೆ ಅದೇ ಸಿರುಗುಪ್ಪದ ಗಿರಣಿಯಲ್ಲಿ. ಏಜೆಂಟಿನ ಕೆಲಸ ಮೆಚ್ಚಿಗೆಯಾದರೆ ಗಿರಣಿಯ ಮಾಲೀಕ ಸಾವ್ಕಾರರು ತಮ್ಮ ಪ್ರೋಗ್ರಾಂ ಕೆಲಸ ಪೂರ್ತಿ ನಮಗೇ ಒಪ್ಪಿಸುವವರಿದ್ದರು. ಈ ಸಲ ನಾನು ಬಲು ಎಚ್ಚರದಿಂದ ಅಳಿಸುವ ಟೂಲಿಗೆ ಬರೆದಿದ್ದೆ: "ಅಳಿಸುವ ಮುನ್ನ ಕೇಳು. ಬೇಡ ಅಂದರೆ ಇನ್ನೊಮ್ಮೆ ಕೇಳು." ತಪ್ಪೇನಿದೆ? ನಮ್ಮ ಕಡೆ ಚಹಾ ಬೇಕೇ ಅಂದರೆ ಮೊದಲ ಸಲಕ್ಕೆ ಯಾರು ಹೂಂ ಅಂದಾರು?

ಏಜೆಂಟ್ ಬಿಲ್ಲಿನ ತಪ್ಪನ್ನು ಚೊಕ್ಕವಾಗಿ ತಿದ್ದಿತು. ಸಾಹೇಬರ ಮುಖ ಅರಳಿತು. ಆಮೇಲೆ ಅದು ಕೇಳಿತು: "ಹಳೆಯ ಬಿಲ್ಲಿನ ನಮೂನೆ ಅಳಿಸಲೇ?" ಆ ನಮೂನೆಯ ನೆತ್ತಿಯ ಮೇಲೆ ಬಸವಣ್ಣನ ಚಿತ್ರ, ಸಾವ್ಕಾರರ ತಂದೆಯ ಕಾಲದ್ದು.

"ಬ್ಯಾಡ" ಅಂದರು ಸಾವ್ಕಾರರು. ಗುಮಾಸ್ತರು ಹಾಗೆಯೇ ಟೈಪ್ ಮಾಡಿದರು.

"ಇನ್ನೊಮ್ಮೆ ಕೇಳುತ್ತೇನೆ, ಅಳಿಸಲೇ?"

"ಬ್ಯಾಡಪ್ಪಾ."

"ಇನ್ನೊಮ್ಮೆ ಕೇಳುತ್ತೇನೆ, ಅಳಿಸಲೇ?"

ಎಷ್ಟು ಸಲ ಎಂದು ನಾನು ಬರೆದಿರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸಾವ್ಕಾರರಿಗೆ ಮಾತ್ರ ಕನಿಕರ ಬಂದುಬಿಟ್ಟಿತು. "ಪಾಪ, ಇಷ್ಟು ಒತ್ತಾಯ ಮಾಡಾಕತ್ತೈತಿ. ಹೂಂ ಅನ್ರಿ, ಸ್ವಲ್ಪ ಅಳಿಸಲಿ."

ಬಸವಣ್ಣ ಮಾಯವಾದ. ಗುಮಾಸ್ತರು ಕೈಮುಗಿದು ಎದ್ದು ನಿಂತರು. ರೆಪೊದಲ್ಲಿ ಹಳೆಯದೆಲ್ಲ ಉಳಿದಿರುತ್ತದೆ, ಆದ್ದರಿಂದ ಬಚಾವಾದೆ. ಬಸವಣ್ಣನನ್ನು ವಾಪಸು ತಂದೆ. ಅಲ್ಲೇ ಕುಳಿತು ಟೂಲಿನ ಬರಹವನ್ನೂ ತಿದ್ದಿದೆ: "ಬೇಡ ಅಂದರೆ ಬೇಡ. ಮತ್ತೆ ಕೇಳಬಾರದು."

ಏಜೆಂಟನ್ನು ಮತ್ತೆ ಓಡಿಸಿದೆವು. ಈ ಸಲ ಒಂದೇ "ಬ್ಯಾಡ"ಕ್ಕೆ ಅದು "ಸರಿ, ಅಳಿಸುವುದಿಲ್ಲ" ಎಂದು ಸುಮ್ಮನಾಯಿತು. ಸಾವ್ಕಾರರಿಗೆ ಬೇಸರವೇ ಆಯಿತು. "ಇಷ್ಟೇನು? ಮೊದಲ ಎಷ್ಟು ಮರ್ಯಾದಿ ಇತ್ತು ಇದಕ್ಕ!"

ಸಾಹೇಬರು ಗಂಟಲು ಸರಿಮಾಡಿಕೊಂಡು ಕೇಳಿದರು. "ಹಂಗಾದ್ರ ಸಾವ್ಕಾರ್ರ, ಕೆಲಸ ನಮಗ ಒಪ್ಪಿಸ್ತೀರೇನ್ರಿ?"

"ಬ್ಯಾಡ ಬಿಡ್ರಿ."

ಸಾಹೇಬರು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದರು. ನನ್ನ ಕಣ್ಣ ಮುಂದೆ ಕೆಟ್ಟ ಪ್ರಿಂಟರುಗಳು ಸಾಲಾಗಿ ಬಂದು ನಿಂತವು. ಅಷ್ಟರಲ್ಲಿ ಗುಮಾಸ್ತರು ಹಿಂದಿನಿಂದ ಪಿಸುಗುಟ್ಟಿದರು. "ಮೇಡಂ, ಇನ್ನೊಮ್ಮೆ ಕೇಳ್ರಿ."

ಕೇಳಿದೆ. "ಸಾವ್ಕಾರ್ರ, ನಮಗ ಕೊಡ್ರಿ."

"ಹೂಂ, ಆತು, ಮಾಡ್ರಿ ಮತ್ತ."

ನನಗೆ ಅಳು, ನಗು ಎರಡೂ ಬಂದವು. "ಮತ್ತ ಮೊದಲ ಯಾಕ್ರಿ ಬ್ಯಾಡ ಅಂದ್ರಿ?"

ಸಾವ್ಕಾರರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. "ಒಂದ ಸಲಕ್ಕ ಹೂಂ ಅಂದ್ರ ಮಂದಿ ಏನ್ ತಿಳ್ಕೊಂತಾರವ್ವಾ?"