ಭೂಮಿಯೊಳಗೆ ಮೋಟರು, ಆಕಾಶಕ್ಕೆ ತೇಪೆ

ಶಾಲೆಯಲ್ಲಿ ಭೂಮಿ, ಗಾಳಿ, ಸಿಡಿಲು ಕಲಿಸುವವರಿಗೆ ನಗಲಿಕ್ಕೆ ಬೇರೆ ಏನೂ ಬೇಕಿಲ್ಲ. ನಾನು ಪುಸ್ತಕದ ಭೂಮಿಯನ್ನು ತರಗತಿಗೆ ಒಯ್ಯುತ್ತೇನೆ. ಮಕ್ಕಳು ತಮ್ಮ ಮನೆಯ ಭೂಮಿಯನ್ನು ತಂದು ಎದುರಿಗೆ ಇಡುತ್ತಾರೆ. ಇಷ್ಟು ವರ್ಷ ಹೀಗೇ ನಡೆದಿದೆ, ದೇವರ ದಯೆ.

೧. ನಟ್ಟನಡುವೆ ಏನಿದೆ?

ಯಲಬುರ್ಗಾ ಕಡೆಯ ಶಾಲೆಯಲ್ಲಿದ್ದಾಗಿನ ಮಾತು. ಭೂಮಿಯನ್ನು ಸೀಳಿದಂಥ ಚಿತ್ರ ಬರೆದು ಭೂಕವಚ, ಅದರ ಕೆಳಗಿನ ಪದರ, ನಟ್ಟನಡುವಿನ ಕೇಂದ್ರಗೋಳ ಎಲ್ಲ ವಿವರಿಸಿದ್ದೆ. ಮರುದಿನ ಕೇಂದ್ರಗೋಳದಲ್ಲಿ ಏನಿದೆ ಎಂದು ಕೇಳಿದೆ. ಎಂದೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು, ಕಬ್ಬಿಣ ಅಂದ. ನನಗೆ ಹಿಗ್ಗೋ ಹಿಗ್ಗು. ಹೇಗೆ ನೆನಪಿಟ್ಟೆಯಪ್ಪ ಎಂದು ಬೆನ್ನು ತಟ್ಟಿದೆ.

"ನಮ್ಮ ಬೋರಿನ ಮೋಟರ್ ಕಳಚಿ ಕೆಳಗ ಹೋಗೇತ್ರಿ ಅಕ್ಕೋರ. ಎಷ್ಟ ತಿಣುಕಿದ್ರೂ ಮ್ಯಾಲ ಬರಲಿಲ್ಲ. ಅಲ್ಲೇ ಇರಬೇಕ್ರಿ."

೨. ತೂತು

ವಾತಾವರಣ ಅಂದರೆ ಭೂಮಿ ಹೊದ್ದ ಕೌದಿ ಎಂದು ಹೇಳಿದವಳು ನಾನೇ. ಮೇಲಿನ ಓಝೋನ್ ಪದರ ತೆಳ್ಳಗಾಗಿ ಒಂದು ಕಡೆ ತೂತು ಬಿದ್ದಂತಾಗಿದೆ ಎಂದೂ ಸೇರಿಸಿದೆ. ಒಬ್ಬ ಹುಡುಗಿ ಆ ಚಿಂತೆಗೆ ಬಿಸಿಯೂಟವನ್ನೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಮಾತ್ರ ನಗುತ್ತ ಬಂದಳು, ಕೈಯಲ್ಲಿ ಹಳೆಯ ಇಳಕಲ್ ಸೀರೆಯ ತುಂಡು. ಅವಳಜ್ಜಿ ಊರಿಗೆಲ್ಲ ಕೌದಿ ಹೊಲಿದು ಕೊಡುವವಳಂತೆ. ತೇಪೆ ಹಚ್ಚುವುದೇನು ದೊಡ್ಡದಲ್ಲ, ಈ ಅರಿವೆ ಸಾಕೋ ಇನ್ನೂ ಬೇಕೋ ಕೇಳಿಕೊಂಡು ಬಾ ಎಂದು ಕಳಿಸಿದ್ದಳು.

ಆ ತೂತಿನ ಬಗ್ಗೆ ಮಾತಾಡಿದವರು ಜಗತ್ತಿನಲ್ಲಿ ಬೇಕಾದಷ್ಟು ಜನ. ಅರಿವೆ ಕಳಿಸಿದವಳು ಆ ಅಜ್ಜಿ ಒಬ್ಬಳೇ.

೩. ಕುಕ್ಕರಗಾಲು

ಈಗ ನಾನಿರುವುದು ಹಿಟ್ನಾಳದ ಕಡೆ. ಸಿಡಿಲಿನ ಪಾಠ ಬಂದಾಗ ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದು ಮಾಡಿಸಿಯೇ ತೋರಿಸಿದೆ. ಹತ್ತಿರ ಮನೆ ಇಲ್ಲದಿದ್ದರೆ ಗಿಡದ ಕೆಳಗೆ ನಿಲ್ಲಬಾರದು. ಪಾದ ಜೋಡಿಸಿ, ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ ಕಿವಿ ಮುಚ್ಚಿಕೊಳ್ಳಬೇಕು.

ಒಂದು ಸೋಮವಾರ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದಳು. ಮುಖ ಬಿಗಿದಿತ್ತು. ಏನೋ ದೂರು ಇರಬೇಕೆಂದು ಕುರ್ಚಿ ಕೊಟ್ಟೆ. ಹಿಂದಿನ ದಿನ ತಾಯಿ ಮಗಳು ಹೆದ್ದಾರಿ ಪಕ್ಕದ ಹೊಲದಲ್ಲಿ ಆಡು ಮೇಯಿಸುತ್ತಿದ್ದಾಗ ಗುಡುಗು ಮಳೆ ಹಿಡಿಯಿತಂತೆ. ತಾಯಿ ಬೇವಿನ ಗಿಡದ ಕಡೆ ಓಡಿದರೆ ಮಗಳು ಸೆರಗು ಹಿಡಿದು ಎಳೆದು, ಬೈದರೂ ಬಿಡದೆ, ನಡುಹೊಲದಲ್ಲೇ ಕೂರಿಸಿದಳಂತೆ. ಸ್ವಲ್ಪ ಹೊತ್ತಿಗೆ ಸಿಡಿಲು ಬಡಿದದ್ದು ಆ ಬೇವಿನ ಗಿಡಕ್ಕೇ.

ಇಷ್ಟು ಹೇಳುವಷ್ಟರಲ್ಲಿ ಆಕೆಯ ಕಣ್ಣು ತುಂಬಿ ಬಂತು. ಹೇಳಿದ್ದನ್ನು ಕೇಳಿಸಿಕೊಂಡ ಆ ಮಗುವಿಗೆ ಕೈ ಮುಗಿಯಬೇಕು ಅನ್ನಿಸಿತು. ಆಕೆ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು.

"ನಿಮ್ಮ ಪಾಠದಿಂದ ಎರಡ ಜೀವ ಉಳದಾವ್ರಿ ಅಕ್ಕೋರ, ಸಾಯೂತನಕ ಮರಿಯಂಗಿಲ್ಲ. ಆದ್ರ ಕುಂದ್ರೂದು ಬ್ಯಾರೆ ನಮೂನಿ ಇದ್ರ ಕಲಸ್ರಿ. ನಾವಿಬ್ರೂ ಹಂಗ ಕುಂತಿದ್ದ ನೋಡಿ ಗಂಗಾವತಿ ಬಸ್ಸಿನ ಮಂದಿ, ಪಾಪ, ಎಲ್ಲಾರೂ ಮಾರಿ ಆಚಿ ಕಡೆ ತಿರುವಿಕೊಂಡ ಹೋದ್ರು."