ಮಾವನ ಜೀಪೂ ಅತ್ತೆಯ ಎಸರೂ

ಮುಹೂರ್ತಕ್ಕೆ ಮೊದಲೇ ಒಂದು ಮದುವೆ ಮಾಡಿಸಿದ ಕೀರ್ತಿ ಯಾರಿಗಾದರೂ ಸಲ್ಲಬೇಕಿದ್ದರೆ ಅದು ನಮ್ಮ ಸೋದರಮಾವನಿಗೇ ಸಲ್ಲಬೇಕು! ಅವರೇನು ಪುರೋಹಿತರಲ್ಲ, ಜೋಯಿಸರಲ್ಲ, ವಾಲಗದವರಂತೂ ಅಲ್ಲವೇ ಅಲ್ಲ. ಗುಂಡ್ಲುಪೇಟೆ ಹತ್ತಿರದ ಹಂಗಳದಲ್ಲಿ ಅರಿಸಿನ ಬೆಳೆದುಕೊಂಡಿರುವ ರೈತರು. ಅವರ ಹತ್ತಿರ ಒಂದು ಹಳೇ ಜೀಪಿದೆ. ಈ ಕೆಲಸಕ್ಕೆ ಅವರಿಗಿದ್ದ ಅರ್ಹತೆ ಅದೊಂದೇ.

ಅದನ್ನು ಜೀಪು ಎನ್ನುವುದೂ ದಾಕ್ಷಿಣ್ಯಕ್ಕೆ. ಮುಂದಿನ ಬಂಪರು ಬೋರ್‌ವೆಲ್ಲಿನ ಪೈಪು. ಸ್ಟೇರಿಂಗು ಯಾವುದೋ ಟ್ರ್ಯಾಕ್ಟರಿನದು. ಹಿಂದಿನ ಸೀಟು ಒಂದು ಕಾಲದಲ್ಲಿ ಹೋಟೆಲಿನ ಬೆಂಚಾಗಿತ್ತು, ಕೂತವರಿಗೆ ಇವತ್ತಿಗೂ ದೋಸೆಯ ನೆನಪಾಗುತ್ತದೆ. "ಕಂಪ್ನಿ ಪಾರ್ಟೇ ಹಾಕಿಸಬಾರದಾ ಮಾವ?" ಎಂದು ನಾನೊಮ್ಮೆ ಕೇಳಿದೆ.

"ಕಂಪ್ನಿ ಪಾರ್ಟಲ್ಲಿ ಏನದೆ ಕಣಮ್ಮಿ? ಊರ್ಗೆಲ್ಲಾ ಒಂದೇ ತರದ್ದು. ಇದು ಅಳತೆ ಕೊಟ್ಟು ಹೊಲಿಸಿದ ಅಂಗಿ ಇದ್ದಂಗೆ!"

"ಅಂಗಿ ಎಲ್ಲದೆ? ಬರೀ ತೇಪೇನೇ ಕಾಣ್ತದೆ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಈ ತೇಪೆಗಳೆಲ್ಲ ಸುಮ್ಮನಿದ್ದವೇ? ರಾಮ ರಾಮಾ! ಒಂದೊಂದಕ್ಕೂ ಒಂದೊಂದು ಸ್ವರ. ಎಲ್ಲಕ್ಕಿಂತ ಜೋರು ಹಿಂದಿನ ಡೋರಿನದು. ಲೊಡಲೊಡ ಎಂದು ಗೊಣಗುತ್ತಾ ಬಂದು, ಹಳ್ಳ ಸಿಕ್ಕ ಕೂಡಲೇ ಢಣಾರ್ ಎನ್ನುವುದು. ಮಾವನ ಹೊಲ ಇರುವುದು ಬಂಡೀಪುರದ ಕಡೆ, ಕಾಡಿನಂಚಿಗೆ. ಹೊತ್ತು ಇಳಿಯುವಾಗ ಅವರು ವಾಪಸು ಹೊರಟು ಕೆರೆ ಏರಿಯ ತಿರುವಿಗೆ ಬಂದರೆ ಸಾಕು, ಸದ್ದು ಮನೆಗೆ ಮುಟ್ಟುತ್ತಿತ್ತು. ಅತ್ತೆ "ಬಂತು ಮೂದೇವಿ" ಎಂದು ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿಯುವರು. ಮೂದೇವಿ ಎಂದದ್ದು ಜೀಪಿಗೋ ಮಾವನಿಗೋ ಎಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ಮಾವ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬಂದು ಕಾಲು ತೊಳೆಯುವಷ್ಟರಲ್ಲಿ ತಟ್ಟೆಯಲ್ಲಿ ಬಿಸಿ ಮುದ್ದೆ ಹೊಗೆಯಾಡುತ್ತಿರುತ್ತಿತ್ತು.

ಈಗ ಮದುವೆಯ ವಿಷಯಕ್ಕೆ ಬರೋಣ. ಚಾಮರಾಜನಗರದಲ್ಲಿ ನಮ್ಮ ನೆಂಟರ ಮದುವೆ. ನನ್ನ ಕೆಲಸವೂ ಅದೇ ಊರಿನಲ್ಲಾದ್ದರಿಂದ ಬೆಳಗ್ಗೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದೆ. ಪುರೋಹಿತರು ಇನ್ನೂ ಮಂತ್ರ ಹೇಳುತ್ತಿದ್ದಾರೆ, ವಾಲಗದವರು ಸನ್ನೆಗೆ ಕಾದಿದ್ದಾರೆ. ಅಷ್ಟರಲ್ಲಿ ಛತ್ರದ ಗೇಟಿನೊಳಗೆ ಮಾವನ ಜೀಪು ನುಗ್ಗಿತು ನೋಡಿ! ಲೊಡಲೊಡಲೊಡ ಢಣಾರ್! ಮಂಟಪ ಕಾಣದೆ ಹಿಂದೆ ಕೂತಿದ್ದ ಅಜ್ಜನೊಬ್ಬ, "ಗಟ್ಟಿಮೇಳ ಆಯ್ತು, ಹಾಕ್ರಲಾ!" ಎಂದು ಅಕ್ಷತೆ ಎಸೆದೇಬಿಟ್ಟ. ಅಜ್ಜನನ್ನು ನೋಡಿ ಹಿಂದಿನ ಸಾಲು, ಹಿಂದಿನ ಸಾಲನ್ನು ನೋಡಿ ಮುಂದಿನ ಸಾಲು. ಅಕ್ಷತೆ ನೋಡಿ ವಾಲಗದವರೂ ಊದಿಬಿಟ್ಟರು. ಗಾಬರಿಬಿದ್ದ ಗಂಡು ತಾಳಿ ಕಟ್ಟಿ ಗಂಟನ್ನೂ ಹಾಕಿ ಮುಗಿಸಿದ! ಪುರೋಹಿತರು ಬಾಯಿ ತೆರೆದುಕೊಂಡೇ ಕೂತರು. ಆಗ ಬಾಗಿಲಲ್ಲಿ ಕಾಣಿಸಿಕೊಂಡ ನಮ್ಮ ಮಾವ ಹಲ್ಲು ಕಿರಿಯುತ್ತಾ, "ಅಯ್ಯೋ, ನಾವ್ ಬರೋದು ಲೇಟಾಗೋಯ್ತಾ?" ಎಂದರು.

ಅವರ ಹಿಂದೆ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಬೇಕಿತ್ತು! ಊಟದ ಪಂಕ್ತಿಯಲ್ಲಿ, ಎಲ್ಲ ನೆಂಟರ ಎದುರಿಗೇ ತೀರ್ಪು ಹೊರಬಿತ್ತು. "ಆಯುಧಪೂಜೆ ಒಳ್ಗೆ ಇದ್ರ ಸದ್ದು ಅಡಗ್ಬೇಕು. ಇಲ್ದಿದ್ರೆ ಗುಜ್ರಿಗೆ ಹಾಕ್ಬುಡಿ. ನಮ್ಮನೆ ದೇವ್ರಾಣೆ ಕಣ್ರೀ."

ಅತ್ತೆ ದೇವರ ಆಣೆ ಇಟ್ಟರೆ ಮುಗಿಯಿತು, ದೇವರೇ ಬಂದರೂ ತೆಗೆಯಲಾರ. ಮಾವನಿಗೋ ಆ ಜೀಪೆಂದರೆ ಪ್ರಾಣ. ಅದಿಲ್ಲದೆ ಬದುಕುವುದು ಹೇಗೆಂದೇ ಅವರಿಗೆ ಗೊತ್ತಿಲ್ಲ. ಅವತ್ತು ಎಲೆಯ ಮೇಲಿನ ಹೋಳಿಗೆ ಹಾಗೇ ಉಳಿಯಿತು. ಹೋಳಿಗೆ ಬಿಟ್ಟ ಮಾವನನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ದಿನವೇ ಜೀಪು ಗುಂಡ್ಲುಪೇಟೆಯ ಗ್ಯಾರೇಜು ಸೇರಿತು. ಮೆಕ್ಯಾನಿಕ್ಕು ವಯನಾಡಿನ ಕಡೆಯವರು, ಊರಿಗೆಲ್ಲ ಕಾಕಾ. ಜೀಪನ್ನು ಒಂದು ಸುತ್ತು ನೋಡಿ "ಪಡಚ್ಚೋನೇ!" ಎಂದು ಮಲಯಾಳದಲ್ಲಿ ದೇವರನ್ನು ಕರೆದು ಕೆಲಸ ಶುರುಮಾಡಿದರು. ಸೈಲೆನ್ಸರು ಹೊಸದಾಯಿತು. ಸಡಿಲವಾದದ್ದೆಲ್ಲ ಬಿಗಿಯಾಯಿತು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಡೆಯಲ್ಲೆಲ್ಲ ರಬ್ಬರು ಬೇಕು ಎಂದರು ಕಾಕಾ. ಅಂಗಡಿಯ ರಬ್ಬರು ನಮ್ಮ ಮಾವನಿಗೆ ಹಿಡಿಸೀತೇ? ಕೊಟ್ಟಿಗೆಯ ಕಂಬಳಿ ಬಾನೆಟ್ಟಿನ ಕೆಳಗೆ ಹೋಯಿತು. ಕುಕ್ಕರಿನ ಗ್ಯಾಸ್ಕೆಟ್ಟು ಡೋರಿನ ಸಂದಿಗೆ ಹೋಯಿತು. ಅತ್ತ ಜೀಪು ಬಾಯಿ ಮುಚ್ಚಿದರೆ ಇತ್ತ ಕುಕ್ಕರು ಬುಸುಗುಟ್ಟತೊಡಗಿತು. ಅದರ ಜೊತೆಗೆ ಅತ್ತೆಯೂ ಬುಸುಗುಟ್ಟಿದರು.

ಒಂದು ದಿನ ಅತ್ತೆಯ ಹವಾಯಿ ಚಪ್ಪಲಿಯಲ್ಲಿ ಒಂದು ಮಾಯ.

"ತಗೊಂಡಿದ್ದು ತಗೊಂಡ್ರಿ, ಒಂದನ್ನ್ಯಾಕ್ರೀ ತಗೊಂಡ್ರಿ?"

"ಇನ್ನೊಂದು ಸ್ಟೆಪ್ನಿ ಕಣೇ. ಜೋಪಾನವಾಗಿ ಮಡಗಿರು!"

ಆಯುಧಪೂಜೆಯ ದಿನ ಪರೀಕ್ಷೆ. ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದು ಅಂಗಳದಲ್ಲಿ ನಿಲ್ಲಿಸಿದ ಜೀಪನ್ನು ಮಾವ ಸ್ಟಾರ್ಟ್ ಮಾಡಿದರು. ಪಕ್ಕದಲ್ಲೇ ಮಲಗಿದ್ದ ನಾಯಿ ಕಣ್ಣು ಕೂಡ ಬಿಡಲಿಲ್ಲ! ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದರೂ ಡೋರು ಕಮಕ್ ಕಿಮಕ್ ಎನ್ನಲಿಲ್ಲ. ಅತ್ತೆ ಕುಂಬಳಕಾಯಿಗೆ ಕುಂಕುಮ ತುಂಬುತ್ತಾ, "ಆಯ್ತು, ಇರ್ಲಿ ಬುಡಿ. ಆದ್ರೆ ಇನ್ನೊಂದು ಸಲ ಸದ್ದು ಕೇಳುಸ್ತೋ, ಅವತ್ತೇ ಗುಜ್ರಿಗೆ," ಎಂದರು. ಮಾವ ಒಪ್ಪಿ ಕೈಮೇಲೆ ಕೈ ಹಾಕಿ ಮಾತು ಕೊಟ್ಟರು. ನಾನೇ ಸಾಕ್ಷಿ.

ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಎರಡು ದಿನ ರಜೆ ಸಿಕ್ಕಿತೆಂದು ಬಸ್ಸು ಹತ್ತಿ ಹಂಗಳಕ್ಕೆ ಹೋದೆ. ಸಂಜೆ ಅತ್ತೆ ಒಲೆಯ ಮೇಲೆ ಎಸರಿಟ್ಟರು. ಎದ್ದು ಹೋಗಿ ಬಾಗಿಲಲ್ಲಿ ನಿಂತರು. ಒಳಗೆ ಬಂದರು. ಎಸರು ಕುದ್ದು ಕುದ್ದು ಇಂಗಿತು, ಮತ್ತೆ ನೀರು ಸುರಿದರು. ಮತ್ತೆ ಬಾಗಿಲಿಗೆ ಹೋದರು. "ಬತ್ತಾರೆ ಬಿಡಿ ಅತ್ತೆ," ಎಂದೆ.

"ಮೊನ್ನೆ ಏರಿ ಹತ್ರಾನೇ ಆನೆ ದಾಟ್ತಂತೆ ಕಣಮ್ಮಿ," ಎಂದರು. ಕಣ್ಣು ದಾರಿಯ ಮೇಲೇ ಇತ್ತು.

ಕೊನೆಗೆ ಬೇಸತ್ತು ಒಳಗೆ ಬಂದು ಕೂತರು. ಹಿತ್ತಿಲ ಬಾಗಿಲಿಂದ ಯಾವಾಗ ಬಂದರೋ ಏನೋ, ಮಾವ ಬೆನ್ನ ಹಿಂದೆ ನಿಂತು, "ಎಂಗೆ! ಬಂದಿದ್ದು ಗೊತ್ತಾಯ್ತಾ?" ಎಂದು ನಕ್ಕರು.

ಅತ್ತೆಯ ಕೈಯಲ್ಲಿದ್ದ ಚೊಂಬು ಉರುಳಿತು. ಬೈಯುತ್ತಾರೆ ಎಂದುಕೊಂಡೆ. ಅವರು ಅತ್ತುಬಿಟ್ಟರು!

"ಇಷ್ಟ್ ವರ್ಸ ಆ ಸದ್ದು ಕೇಳುಸ್ದಾಗ್ಲೇ ಕಣ್ರೀ ನಂಗೆ ಜೀವ ಬರ್ತಿದ್ದದ್ದು. ಏರಿ ದಾಟುದ್ರು, ಇನ್ನು ಭಯ ಇಲ್ಲ ಅಂತ. ಈಗ ನೀವು ಬಾಗ್ಲಿಗೆ ಬರೋಗಂಟ ನಂಗೇನೂ ತಿಳಿಯಾಕಿಲ್ಲ."

ಮಾವನ ನಗು ಹಾಗೇ ನಿಂತಿತು. ಉರುಳಿದ ಚೊಂಬನ್ನು ಅವರೇ ಎತ್ತಿಟ್ಟರು. ಅವತ್ತು ಮುದ್ದೆ ತಡವಾಯಿತು.

ಬೆಳಗ್ಗೆ "ಬಾರಮ್ಮಿ, ಗುಂಡ್ಲುಪೇಟೆಗೆ ಹೋಗನ," ಎಂದರು ಮಾವ. ಗ್ಯಾರೇಜಿನಲ್ಲಿ ಮಾವನ ಬೇಡಿಕೆ ಕೇಳಿ ಕಾಕಾ ಸ್ಪ್ಯಾನರು ಕೆಳಗಿಟ್ಟರು.

"ಯಜಮಾನ್ರೇ, ಸದ್ದು ನಿಲ್ಲಿಸೋ ಪಾರ್ಟ್ ಎಲ್ಲಾ ಕಡೆ ಸಿಗ್ತದೆ. ಸದ್ದು ಮಾಡೋ ಪಾರ್ಟ್ ನಾನು ಎಲ್ಲಿಂದ ತರೋದು?"

"ಮಾಡ್ಕೊಡು. ನನ್ ಜೀಪಲ್ಲಿ ಕಂಪ್ನಿ ಪಾರ್ಟ್ ಯಾವ್ದದೆ?"

ಕಾಕಾ ಕಬ್ಬಿಣದ ಪಟ್ಟಿಯೊಂದನ್ನು ಬಗ್ಗಿಸಿ ಡೋರಿಗೆ ತೂಗುಹಾಕಿ ಅಲ್ಲಾಡಿಸಿದರು. ಮಾವ ಕಣ್ಣು ಮುಚ್ಚಿ ಕೇಳಿ, "ಇದು ನಮ್ದಲ್ಲ," ಎಂದರು. ಇನ್ನೊಂದು ಪಟ್ಟಿ ಬಂತು. "ಲೊಡಲೊಡ ಸರಿ ಅದೆ, ಢಣಾರ್ ಸಾಲ್ದು." ತಂಬೂರಿ ಶ್ರುತಿ ಮಾಡುವವರೂ ಇಷ್ಟು ಸತಾಯಿಸಲಾರರು! ಕಾಕಾ ರೋಸಿಹೋಗಿ, "ನೀವು ಮನೆಗೆ ಹೋಗಿ, ಸಂಜೆ ಬನ್ನಿ," ಎಂದು ಅಟ್ಟಿದರು. ಬಸ್ಸಿನಲ್ಲಿ ನಾನು, "ಮಾವ, ಮಾತು ಕೊಟ್ಟಿದ್ದೀರಿ. ಸದ್ದು ಕೇಳಿಸಿದ ದಿನವೇ ಗುಜರಿ," ಎಂದು ನೆನಪಿಸಿದೆ.

"ಗೊತ್ತು ಕಣಮ್ಮಿ," ಎಂದರು. "ಹೋದ್ರೆ ಹೋಯ್ತದೆ. ಅವ್ಳು ಅಂಗೆ ಬಾಗ್ಲಲ್ಲಿ ನಿಂತ್ಕೋಬಾರ್ದು."

ಸಂಜೆ ಜೀಪು ತರಲು ಒಬ್ಬರೇ ಹೋದರು. ಅಲ್ಲಿಂದ ಊರೊಳಗೆ ಬಾರದೆ ಹಾಗೇ ಹೊಲಕ್ಕೂ ಹೋಗಿ ಬರುವೆನೆಂದರು. ಅತ್ತೆಗೆ ಇದಾವುದೂ ತಿಳಿಯದು. ಎಸರಿಟ್ಟು, ಬಾಗಿಲಿಗೆ ಹೋಗಲು ಏಳುವಷ್ಟರಲ್ಲಿ ಕೆರೆ ಏರಿಯ ಕಡೆಯಿಂದ ಕೇಳಿಸಿತು. ಲೊಡಲೊಡಲೊಡ ಢಣಾರ್!

ಅತ್ತೆ ಎದ್ದವರು ಹಾಗೇ ನಿಂತರು. ಆಮೇಲೆ ನಿಧಾನವಾಗಿ ಕೂತು, "ಬಂತು ಮೂದೇವಿ," ಎಂದು ಹಿಟ್ಟು ಸುರಿದರು.

ನನಗೆ ಸುಮ್ಮನಿರಲಾಗಲಿಲ್ಲ. "ಅತ್ತೆ, ಸದ್ದು ಬಂತಲ್ಲ? ಹಾಗಾದರೆ ಜೀಪು ಗುಜರಿಗೇ?"

ಬೀದಿಯ ತುದಿಯಲ್ಲಿ ಇನ್ನೊಂದು ಢಣಾರ್ ಆಯಿತು. ನಾಯಿ ಎದ್ದು ಬೊಗಳಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮುದ್ದೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತಾ ಹೇಳಿದರು:

"ಯಾವ ಸದ್ದು ಕಣಮ್ಮಿ? ನಂಗೇನೂ ಕೇಳುಸ್ನಿಲ್ವಲ್ಲ! ಓಗು, ನಿಮ್ಮಾವುಂಗೆ ತಟ್ಟೆ ಮಡಗು."