ಸಮುದ್ರದ ತನಕ ಒಬ್ಬಳೇ

ಮಕೆರೆತಾ ಮಾಡಿದ ತಪ್ಪು ಇಷ್ಟೇ: ಫೋನಿನ ದನಿ ತಗ್ಗಿಸಿರಲಿಲ್ಲ.

ಸಕ್ಕರೆ ಕಾಯಿಲೆಯಿಂದಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ ಮೇಲೆ ಅವಳು ವಾರಕ್ಕೊಮ್ಮೆ ಫೋನಿನಲ್ಲಿ ಒಂದು ಗುಂಪಿನ ಜೊತೆ ಕೂರುತ್ತಿದ್ದಳು. ಫಿಜಿಯ ದ್ವೀಪದ್ವೀಪಗಳಲ್ಲಿ ಕಾಲು ಕಳೆದುಕೊಂಡವರು ಅಲ್ಲಿ ಸೇರಿ, ತಮ್ಮನ್ನು ತಾವೇ ನೋಡಿಕೊಳ್ಳುವುದನ್ನು ಕಲಿಯುತ್ತಿದ್ದರು. ನಡೆಸುವವಳು ರಾಜಧಾನಿ ಸುವಾದ ನರ್ಸ್ ಕೆಲೆರಾ. "ಮುಂದಿನ ಸಭೆಯೊಳಗೆ ನೀವಾಗೇ ಏನು ಮಾಡ್ತೀರಿ ಅಕ್ಕಾ?" ಎಂದು ಅವಳು ಕೇಳಿದಾಗ, "ಹೊಸ ಕಾಲು ಹಾಕ್ಕೊಂಡು ಸಮುದ್ರದ ತನಕ ನಡೀತೀನಿ. ಒಬ್ಬಳೇ," ಎಂದುಬಿಟ್ಟಳು ಮಕೆರೆತಾ. ಕೇರಿಯೆಲ್ಲ ಕೇಳಿಸಿಕೊಂಡಿತು.

ಆಸ್ಪತ್ರೆಯಿಂದ ಬಂದಾಗಿನಿಂದ ಅವಳಿಗೆ ಒಬ್ಬಳೇ ಸೀನುವ ಭಾಗ್ಯವೂ ಇರಲಿಲ್ಲ. ಸೀನಿದರೆ ಅಕ್ಕಪಕ್ಕದವರು ಮೂಗೊರೆಸಲು ಬಟ್ಟೆ ಹಿಡಿದು ಓಡಿಬರುತ್ತಿದ್ದರು. ಯಾರೂ 'ನೋವು ಹೇಗಿದೆ' ಎನ್ನದ ಕಡೆ ಒಂದು ಗಳಿಗೆ ಕೂತು, ಹೋದ ಕಾಲನ್ನು ನೆನೆದು ಅತ್ತುಬಿಡಬೇಕು ಎಂಬುದೊಂದೇ ಅವಳ ಆಸೆ.

ಸಭೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಜನ. ಅವಳು ಒಂಟಿಯಾಗಿ ನಡೆಯುವುದಕ್ಕೆ ಸಹಾಯ ಮಾಡಲು ಬಂದಿದ್ದರು!

"ಮುಟ್ಟೋದಿಲ್ಲ ಕಣೇ, ಸುತ್ತ ಇರ್ತೀವಿ ಅಷ್ಟೇ," ಎಂದಳು ನಾದಿನಿ ತೊರಿಕಾ.

"ಬಿದ್ದರೆ ಇರಲಿ ಅಂತ," ಎಂದು ಪಕ್ಕದ ಮನೆಯ ಮುದುಕ ಸಕಿಯುಸಾ ತಳ್ಳುಗಾಡಿ ತೋರಿಸಿದ.

"ನಾನೇನು ಗೆಣಸಿನ ಮೂಟೆಯಾ ಮಾವ?"

"ಮೂಟೆ ಹಗುರ ಇರುತ್ತೆ ತಾಯಿ."

ದಿಬ್ಬಣ ಹೊರಟಿತು. ಮೊದಲ ಮನೆಯಿಂದಲೇ ಕೂಗು: "ಬನ್ರೋ, ಊಟ ಮಾಡಿ!" ಕರೆದ ಮನೆಯಲ್ಲಿ ಒಂದು ತುತ್ತಾದರೂ ಬಾಯಿಗಿಡದೆ ದಾಟಿಹೋಗುವುದುಂಟೇ? ಅಲ್ಲಿ ಮರಗೆಣಸು, ಆಚೆ ಮನೆಯಲ್ಲಿ ತೆಂಗಿನ ಹಾಲಿನ ಮೀನು, ಅದರಾಚೆ ಮತ್ತೆ ಮರಗೆಣಸು.

"ನನಗೆ ಸಕ್ಕರೆ ಕಾಯಿಲೆ ಕಣ್ರೇ!"

"ಇದು ಸಿಹಿ ಇಲ್ಲ, ತಿನ್ನು ಸುಮ್ಮನೆ!"

ಮಧ್ಯಾಹ್ನವಾದರೂ ಸಮುದ್ರ ಅಲ್ಲೇ, ಅವಳು ಇಲ್ಲೇ. ಕೊನೆಗೆ ಹಬ್ಬಕ್ಕೆ ಕೊಬ್ಬಿಸಿದ ಹಂದಿಯ ಹಾಗೆ ತಳ್ಳುಗಾಡಿಯಲ್ಲಿ ಮನೆಗೆ ಮರಳಿದಳು.

ಸಭೆಯ ಹೊತ್ತಾಯಿತು. ಎಲ್ಲರ ಮುಖವೂ ಕಾಣುವಂತೆ ಫೋನನ್ನು ಯಾವ ಕಂಬಕ್ಕೆ ಕಟ್ಟಬೇಕೆಂದು ಎಲ್ಲರೂ ಜಗಳಕ್ಕೆ ಬಿದ್ದರು. ಮಕೆರೆತಾ ಹಿತ್ತಿಲ ಬಾಗಿಲಿನಿಂದ ಮೆಲ್ಲಗೆ ಜಾರಿದಳು.

ಕೆಸುವಿನ ಮಡಿಗಳ ಪಕ್ಕದ ಆ ದಾರಿಯಲ್ಲಿ ಮನೆಗಳಿರಲಿಲ್ಲ. ಹೊಸ ಕಾಲು ಕಿರುಗುಟ್ಟಿತು, ತೊಡೆ ಉರಿಯಿತು, ಎರಡು ಸಲ ಮರ ಹಿಡಿದು ನಿಂತಳು. ಆದರೂ ಸಮುದ್ರ ಸಿಕ್ಕಿತು. ಬಿದ್ದ ತೆಂಗಿನ ಮರದ ಮೇಲೆ ಕೂತು ಇದ್ದ ಪಾದವನ್ನು ನೀರಿಗೆ ಬಿಟ್ಟಳು. ಇಲ್ಲದ ಪಾದಕ್ಕೂ ತಂಪು ತಟ್ಟಿದಂತಾಗಿ ಮನಸಾರೆ ಅತ್ತಳು. ಯಾರೂ ಬಟ್ಟೆ ತರಲಿಲ್ಲ. ಎಂಥ ಸುಖ!

ಮನೆಗೆ ಮರಳಿದಾಗ ಎಲ್ಲರೂ ಫೋನಿನ ಮುಂದೆ ಗುಂಪುಗೂಡಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ದೆಯೇ?" ತೊರಿಕಾ ಚೀರಿದಳು.

"ಸಮುದ್ರಕ್ಕೆ. ಒಬ್ಬಳೇ."

ಫೋನಿನೊಳಗಿನವರೆಲ್ಲ ಚಪ್ಪಾಳೆ ತಟ್ಟಿದರು. ಕೆಲೆರಾ ಕಣ್ಣೊರೆಸಿಕೊಂಡಳು. "ಭೇಷ್ ಅಕ್ಕಾ! ನೀವು ಬರೋ ತನಕ ಇವರನ್ನ ಮಾತಾಡಿಸ್ತಿದ್ದೆ. ಅರ್ಧಕ್ಕರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಒಬ್ಬರೂ ನಡೆಯೋದಿಲ್ಲ! ಇವರ ಕಾಲಾದರೂ ಉಳೀಬೇಕಲ್ಲ? ನಾಳೆಯಿಂದ ದಿನಾ ಇವರನ್ನೆಲ್ಲ ಸಮುದ್ರದ ತನಕ ನೀವೇ ನಡೆಸ್ಕೊಂಡು ಹೋಗಿ. ಆದರೆ ಯಾರ ಬಲವಂತವೂ ಇಲ್ಲ, ನಿಮಗೆ ಒಪ್ಪಿಗೆ ಇದ್ದರೆ ಮಾತ್ರ."

ಮಕೆರೆತಾ ಬಾಯಿ ತೆರೆದಳು.

"ಒಪ್ಪಿಗೆ!" ಎಂದಿತು ಇಡೀ ಮನೆ.